ಮರ್ಯಾದೆಯ ಕರಟ

ನಮ್ಮೂರಲ್ಲಿ ಸೀನಿಗೆ ಮಾತಿದೆ. ಯಾರಾದರೂ ಸೀನಿದರೆ ಹತ್ತಿರದವರು ‘ಬೂಲಾ’ ಅನ್ನುತ್ತಾರೆ, ಬಾಳು ಎಂದು. ಸೀನಿದವನು ‘ಮೋಲಿ’ ಎಂದು ಉಪಕಾರ ಸ್ಮರಿಸುತ್ತಾನೆ. ಕೆಮ್ಮಿಗೆ ಮಾತಿಲ್ಲ. ಯಾರಾದರೂ ಕೆಮ್ಮಿದರೆ ಹತ್ತಿರದವರು ಚಾಪೆ ನೋಡುತ್ತಾರೆ. ಕೆಮ್ಮು ಜೋರಾದಷ್ಟೂ ಚಾಪೆಯ ಹೆಣಿಗೆಯನ್ನು ಇನ್ನಷ್ಟು ಗಮನವಿಟ್ಟು ನೋಡುತ್ತಾರೆ. ಎದ್ದು ಪಕ್ಕಕ್ಕೆ ಹೋಗುವಂತಿಲ್ಲ, ಕೂತವರ ತಲೆಗಿಂತ ನಮ್ಮ ತಲೆ ಮೇಲಾಗುತ್ತದೆ. ಎದ್ದರೂ ಬೆನ್ನು ಬಗ್ಗಿಸಿ, ‘ತುಲೌ, ತುಲೌ’ ಎಂದು ಎಲ್ಲರ ಕ್ಷಮೆ ಕೇಳುತ್ತ ದಾಟಬೇಕು. ಅಷ್ಟರಲ್ಲಿ ನೀವು ಯಾಕೆ ಎದ್ದಿರೆಂದು ಕೆಮ್ಮಿದವನಿಗೆ ಗೊತ್ತಾಗಿಬಿಡುತ್ತದೆ, ಅವನ ಮನಸ್ಸು ನೋಯುತ್ತದೆ. ಮೂಗಿಗೆ ಬಟ್ಟೆ ಹಿಡಿಯುವಂತಿಲ್ಲ. ಪರರ ಮನೆಯ ಕಿಟಕಿ ತೆಗೆಯುವಂತಿಲ್ಲ. ಹೀಗೆ ಮರ್ಯಾದೆಯಿಂದ ಕೂತು ಕೂತೇ ನಮ್ಮವರಲ್ಲಿ ಎಷ್ಟು ಜನ ಮಣ್ಣು ಸೇರಿದರೆಂದು ಚರ್ಚಿನ ಹಿಂದಿನ ಗೋರಿಗಳನ್ನು ಕೇಳಬೇಕು.

ಕಂದಾವು ದ್ವೀಪದ ಈ ಮರ್ಯಾದಸ್ಥರ ಊರಿನಲ್ಲಿ, ವುನಿತಿವಿಯಲ್ಲಿ, ಒಬ್ಬನೇ ಒಬ್ಬ ಬಾಯಿಹರುಕನಿದ್ದಾನೆ. ಅವನೇ ಕಿತಿಯೋನೆ. ಎಂಜಿನ್ ದೋಣಿ ಓಡಿಸುತ್ತಾನೆ. ಊರಿನ ಜನ ಅವನನ್ನು ಬಯ್ಯುವುದನ್ನು ಕೇಳಿ ಕೇಳಿ ನನಗೆ ಮೈ ಉರಿಯುತ್ತದೆ, ಅದಕ್ಕೇ ಅವನ ಕತೆ ಹೇಳುತ್ತಿದ್ದೇನೆ. ಅವನು ಒಳ್ಳೆಯವನೆಂದು ಹೇಳಲು ಹೊರಟಿಲ್ಲ. ಅವನು ಒಳ್ಳೆಯವನಲ್ಲ.

ನಾನು ತಿತಿಲಿಯಾ, ಊರಿನ ಆರೋಗ್ಯದ ಹೆಂಗಸು. ಗಾಯಕ್ಕೆ ಪಟ್ಟಿ ಕಟ್ಟುವುದು, ಜ್ವರಕ್ಕೆ ಮಾತ್ರೆ ಕೊಡುವುದು, ನನ್ನ ಕೈಮೀರಿದವರನ್ನು ಕೊಲ್ಲಿಯಾಚೆಯ ಆಸ್ಪತ್ರೆಗೆ ಕಳಿಸುವುದು, ಇದು ನನ್ನ ಕೆಲಸ. ಕಳಿಸುವುದೆಂದರೆ ಕಿತಿಯೋನೆಯ ದೋಣಿಯಲ್ಲಿ ಕೂರಿಸುವುದು. ಆ ದೋಣಿಗೆ ಅವನದೇ ಕಾನೂನು. ಕೆಮ್ಮುವವರು ಎಂಜಿನ್ನಿನ ಪಕ್ಕ, ತೀರ ಹಿಂದೆ, ಗಾಳಿ ಅವರನ್ನು ದಾಟಿ ಸಮುದ್ರಕ್ಕೆ ಹೋಗುವ ಕಡೆ ಕೂರಬೇಕು. ಯಾರೇ ಆಗಲಿ. ಒಮ್ಮೆ ದೊಡ್ಡ ದ್ವೀಪದಿಂದ ಬಂದ ಪಾದ್ರಿಯೊಬ್ಬರು ಬಿಳಿ ಅಂಗಿ, ಸೊಂಟಕ್ಕೆ ಸುತ್ತುವ ಕಪ್ಪು ಸುಲು ಉಟ್ಟು ಮುಂದುಗಡೆ ಕೂತು ಎರಡು ಸಲ ಕೆಮ್ಮಿದರು. ಕಿತಿಯೋನೆ ಎಂಜಿನ್ ನಿಲ್ಲಿಸಿದ.

“ಸ್ವಾಮಿ, ಹಿಂದೆ ಬನ್ನಿ.”

“ಪರವಾಗಿಲ್ಲಪ್ಪ, ಇಲ್ಲೇ ಆರಾಮಾಗಿದೀನಿ.”

“ನೀವು ಆರಾಮಾಗಿದೀರ, ನಿಮ್ಮ ಉಗುಳು ನನ್ನ ಮುಖದ ಮೇಲೆ ಆರಾಮಾಗಿ ಬಂದು ಕೂತ್ಕೊತಾ ಇದೆ. ಒಂದೋ ಹಿಂದೆ ಬನ್ನಿ, ಇಲ್ಲಾ ಮೊಣಕೈ ಮಡಚಿ ಅದರೊಳಗೆ ಕೆಮ್ಮಿ.”

ಪಾದ್ರಿಗಳು ಹಿಂದೆ ಹೋದರು. ಮುಂದಿನ ಭಾನುವಾರ ನಾಲಗೆಯ ಪಾಪದ ಮೇಲೆ ಉದ್ದುದ್ದ ಪ್ರವಚನ ಕೊಟ್ಟರು, ಕಿತಿಯೋನೆ ಕೊನೆಯ ಬೆಂಚಿನಲ್ಲಿ ಕೂತು ಆಕಳಿಸಿದ. ಊರು ಒಂದು ತಿಂಗಳು ಅವನಿಗೆ ಛೀಮಾರಿ ಹಾಕಿತು. ಹಾಕಿದವರೆಲ್ಲ ಅವನ ದೋಣಿಯಲ್ಲೇ ಸಂತೆಗೆ ಹೋಗಿ ಬಂದರು.

ಹುಟ್ಟಿನಿಂದ ಅವನು ಹೀಗಿರಲಿಲ್ಲ. ಬಾಯಿ ಆಗಲೂ ಹರುಕೇ. ಆದರೆ ಆಗ ಅದು ನಗಿಸುವ ಬಾಯಿ. ನನ್ನ ದೊಡ್ಡಪ್ಪನ ಮಗಳು ಲೊಸಾನಾಳನ್ನು ಅವನು ಮದುವೆಯಾಗಿದ್ದ. ಲೊಸಾನಾಳ ಅಣ್ಣ ಅಮಿನಿಯಾಸಿ. ಹಾಗಾಗಿ ಕಿತಿಯೋನೆ ಮತ್ತು ಅಮಿನಿಯಾಸಿ ಭಾವ-ಭಾಮೈದರು. ನಮ್ಮಲ್ಲಿ ಅಣ್ಣ-ತಂಗಿ ಹರೆಯಕ್ಕೆ ಬಂದ ಮೇಲೆ ಮುಖ ಕೊಟ್ಟು ಮಾತಾಡುವ ಹಾಗಿಲ್ಲ, ಏನಿದ್ದರೂ ಇನ್ನೊಬ್ಬರ ಬಾಯಲ್ಲಿ ಹೇಳಿಸಬೇಕು. ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳಿಗೂ ಇದೇ ಕಟ್ಟು. ಆದರೆ ಭಾವ-ಭಾಮೈದರು ಏನು ಬೇಕಾದರೂ ಬಯ್ದಾಡಬಹುದು, ಬಯ್ದಾಡಲೇಬೇಕು. ಇಬ್ಬರು ಭಾವಂದಿರು ಮರ್ಯಾದೆಯಿಂದ ಮಾತಾಡುತ್ತಿದ್ದಾರೆಂದರೆ ಎಲ್ಲೋ ಏನೋ ಕೊಳೆತಿದೆ ಎಂದು ಅರ್ಥ.

ಇವರಿಬ್ಬರ ಬಯ್ದಾಟ ಕೇಳಲೆಂದೇ ಜನ ಯಂಗೋನ, ಅಂದರೆ ಬೇರು ಕುಟ್ಟಿ ನೀರಲ್ಲಿ ಕದಡಿದ ಪಾನಕ, ಕುಡಿಯಲು ಬರುತ್ತಿದ್ದರು. ಮರದ ಬೋಗುಣಿಯ ಆ ಬದಿ ಒಬ್ಬ, ಈ ಬದಿ ಒಬ್ಬ.

“ನಿನ್ನ ಮೂಗಿನ ಹೊಳ್ಳೆ ನೋಡಿ ಏಡಿಗಳು ನಮ್ಮನೆ ಬಿಲ ಅಂತ ಒಳಗೆ ನುಗ್ತಾವಂತಲ್ಲೋ ಬಾವ,” ಎಂದು ಕಿತಿಯೋನೆ ಶುರು ಮಾಡುತ್ತಿದ್ದ.

“ನುಗ್ಗಲಿ ಬಿಡೋ. ನಿನ್ನ ಬಾಯೊಳಗೆ ನುಗ್ಗಿದ ಏಡಿ ವಾಸನೆಗೆ ಸತ್ತು ಹೊರಗೆ ಬಂತಂತೆ,” ಎಂದು ಅಮಿನಿಯಾಸಿ ಉತ್ತರ ಕೊಡುತ್ತಿದ್ದ. ಅಮಿನಿಯಾಸಿ ಚರ್ಚಿನ ಉಪದೇಶಿ. ಪ್ರವಚನದ ವೇದಿಕೆಯಿಂದ ಇಳಿದ ಕೂಡಲೇ ಅವನ ಬಾಯಿಗೂ ಬೇಲಿ ಇರಲಿಲ್ಲ.

ಅದೆಲ್ಲ ಲೊಸಾನಾ ಕೆಮ್ಮುವ ತನಕ.

ಕಿತಿಯೋನೆ ಆಗ ದೊಡ್ಡ ದ್ವೀಪದಲ್ಲಿ ಪೈನ್ ಮರ ಕಡಿಯುವ ಕೆಲಸಕ್ಕೆ ಹೋಗಿದ್ದ. ಲೊಸಾನಾ ಮೊದಲು ಬೆಳಗಿನ ಹೊತ್ತು ಕೆಮ್ಮಿದಳು, ಆಮೇಲೆ ಇಡೀ ದಿನ. ಸೊರಗಿದಳು. ಚರ್ಚಿನಲ್ಲಿ ಅವಳು ಕೆಮ್ಮಿದಾಗ ಊರು ಚಾಪೆ ನೋಡಿತು. ಅಮಿನಿಯಾಸಿ ಅಣ್ಣ, ತಂಗಿಯ ಮುಖ ನೋಡಿ ‘ಆಸ್ಪತ್ರೆಗೆ ಹೋಗು’ ಎನ್ನುವಂತಿಲ್ಲ. ಬೇರೆಯವರ ಬಾಯಲ್ಲಿ ಹೇಳಿಸಬಹುದಿತ್ತು, ಅದನ್ನೂ ಮಾಡಲಿಲ್ಲ. ಪ್ರಾರ್ಥನೆ ಇಡಿಸಿದ. ನಮ್ಮ ಭಾಷೆಯಲ್ಲಿ ‘ವು’ ಎಂದರೆ ಕೆಮ್ಮು; ಸ್ವಲ್ಪ ಎಳೆದು ‘ವೂ’ ಎಂದರೆ ಕುಲದ ಮೂಲಪುರುಷ. ಈ ವು ಆ ವೂವಿನ ಕಾಟದಿಂದಲೇ ಬಂದದ್ದೆಂದು ಹಳಬರು ಗುಸುಗುಸು ಅಂದರು, ಅದನ್ನು ಬಿಡಿಸಲು ಅಮಿನಿಯಾಸಿ ಹೆಂಗಸರನ್ನೆಲ್ಲ ಅವಳ ಮನೆಯಲ್ಲಿ ಕೂಡಿಸಿ ಹಾಡಿಸಿದ. ಸಂಜೆಗಾಳಿ ಕೆಮ್ಮಿಗೆ ಆಗದೆಂದು ಕಿಟಕಿಗಳನ್ನೆಲ್ಲ ಮುಚ್ಚಿಸಿದ. ಕಿತಿಯೋನೆಗೆ ಸುದ್ದಿ ಮುಟ್ಟಿ ಅವನು ಓಡಿ ಬರುವ ಹೊತ್ತಿಗೆ ಲೊಸಾನಾಳಿಗೆ ದೋಣಿ ಹತ್ತುವ ಶಕ್ತಿ ಇರಲಿಲ್ಲ. ಹೊತ್ತು ಹತ್ತಿಸಿದರು. ಹೊತ್ತೇ ವಾಪಸು ತಂದರು. ಆ ಮುಚ್ಚಿದ ಮನೆಯಲ್ಲಿ ಹಾಡಿದ ಹೆಂಗಸರಲ್ಲಿ ಇನ್ನಿಬ್ಬರು ಮುಂದಿನ ವರ್ಷ ಕೆಮ್ಮಲು ಶುರು ಮಾಡಿದರು. ನಾನು ಈ ಮದ್ದಿನ ಪೆಟ್ಟಿಗೆ ಹಿಡಿದದ್ದು ಆಮೇಲೆ, ಆ ಸಿಟ್ಟಿಗೇ.

ಮಣ್ಣು ಮಾಡಿದ ದಿನ ಕಿತಿಯೋನೆ ಎಲ್ಲರೆದುರು ಅಮಿನಿಯಾಸಿಯ ಹತ್ತಿರ ಹೋದ. ಹೊಡೆಯುತ್ತಾನೆಂದು ಜನ ಅಂದುಕೊಂಡರು, ಊರಿನ ಮುಖಂಡ ಕೆಲೆಪಿ ತಡೆಯಲು ಎದ್ದೂ ನಿಂತ. ಕಿತಿಯೋನೆ ಬೆನ್ನು ಬಗ್ಗಿಸಿ ಕೈಮುಗಿಯುವವನಂತೆ ನಿಂತು, “ತಮ್ಮಿಂದ ತುಂಬ ಉಪಕಾರ ಆಯ್ತು. ತಾವು ಅವಳಿಗೋಸ್ಕರ ಇಷ್ಟೆಲ್ಲ ಪ್ರಾರ್ಥನೆ ಮಾಡಿಸಿದ್ರಿ,” ಅಂದ.

ತಾವು. ಭಾವ ಭಾವನಿಗೆ ತಾವು ಅಂದ. ಅಮಿನಿಯಾಸಿಯ ಮುಖ ಕಪ್ಪಿಟ್ಟಿತು. ಹೊಡೆದಿದ್ದರೆ ಒಂದು ಹಲ್ಲು ಹೋಗುತ್ತಿತ್ತು, ನಾಲ್ಕು ದಿನದಲ್ಲಿ ರಾಜಿಯಾಗುತ್ತಿತ್ತು. ಅಂದಿನಿಂದ ಇಬ್ಬರೂ ಎದುರು ಬದುರಾದರೆ ತಾವು, ದಯಮಾಡಿ, ಕೂತ್ಕೊಳ್ಳಿ. ಅಮಿನಿಯಾಸಿಯೂ ಜಿದ್ದಿನವನೇ, ಅವನೂ ‘ಕಿತಿಯೋನೆಯವರೇ’ ಎಂದು ಶುರು ಹಚ್ಚಿಕೊಂಡ. ಕೇಳಿದವರ ಮೈ ಜುಮ್ಮೆನ್ನುತ್ತಿತ್ತು. ಕಿತಿಯೋನೆ ತನ್ನ ಬಯ್ಗುಳವನ್ನೆಲ್ಲ ಅವನಿಂದ ಕಿತ್ತು ಊರಿಗೆ ಹಂಚಿದ. ಯಾರು ಕೆಮ್ಮಿದರೂ ಅವರ ಪಾಲಿಗೆ ಅಷ್ಟು ಬಂತು.

ಮಾಸ್ಕಿನ ವರ್ಷಗಳು ಬಂದವು, ಹೋದವು. ಆಗ ಸರ್ಕಾರದ ದೋಣಿ ಬಂದು ಒಂದೇ ಕರಟದಲ್ಲಿ ಯಂಗೋನ ಕುಡಿಯಬೇಡಿ, ಒಬ್ಬೊಬ್ಬರಿಗೆ ಒಂದೊಂದು ಇರಲಿ ಎಂದು ಮೈಕಿನಲ್ಲಿ ಕೂಗಿ ಹೋಗಿತ್ತು. ಸರ್ಕಾರದ ದೋಣಿ ತಿರುಗಿದ ಕೂಡಲೇ ಎಲ್ಲ ಮೊದಲಿನ ಹಾಗೆ ಆಯಿತು. ಒಂದೇ ಕರಟ, ಒಬ್ಬರಾದ ಮೇಲೆ ಒಬ್ಬರು, ಕುಡಿದು ಮುಗಿಸಿದವನಿಗೆ ಚಪ್ಪಾಳೆ. ಆದರೆ ಆ ಮಾತು ಕೆಲೆಪಿಯ ತಲೆಯಲ್ಲಿ ಎಲ್ಲೋ ಉಳಿದಿತ್ತು. ಉಳಿಯಬಾರದಿತ್ತು.

ಹೋದ ವರ್ಷ ಜೀಗುಜ್ಜೆ ಕಾಯಿ ಬಿಡುವ ಕಾಲಕ್ಕೆ ಅಮಿನಿಯಾಸಿ ಕೆಮ್ಮಲು ಶುರು ಮಾಡಿದ.

ಅವನ ಮನೆಯಲ್ಲಿ ಇರುವುದು ಮೂವರು. ಅವನು, ಸೊಸೆ ವಾಸಿತಿ, ವಾಸಿತಿಯ ಮೊಲೆ ಬಿಡದ ಕೂಸು. ಮಗ ಮೀನಿನ ಹಡಗಿನಲ್ಲಿ ದೂರ. ಕೂಸಿಗೆ ಅಜ್ಜನ ಹೆಸರೇ ಇಟ್ಟಿದ್ದರು, ಚಿಕ್ಕ ಅಮಿ ಅನ್ನುತ್ತಿದ್ದರು. ಮೊದಲ ಮೊಮ್ಮಗ, ಮೇಲಾಗಿ ಹೆಸರಿನವನು. ಅಜ್ಜನ ಚಾಪೆಯಲ್ಲೇ ಮಲಗಬೇಕು, ಅಜ್ಜನ ತೊಡೆಯ ಮೇಲೇ ಆಡಬೇಕು. ಕೆಮ್ಮು ಬಂದಾಗ ಅಮಿನಿಯಾಸಿ ಕೂಸಿನ ತಲೆಯ ಮೇಲೇ ಕೆಮ್ಮುತ್ತಿದ್ದ. ಅದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಅವನ ಕೊರಳ ಮೂಳೆ ಎದ್ದು ಕಾಣುತ್ತಿತ್ತು. ಲೊಸಾನಾಳ ಕೊರಳೂ ಹಾಗೇ ಆಗಿತ್ತು.

ನಾನು ತಂಗಿ, ನನಗೆ ಬಾಯಿಲ್ಲ. ವಾಸಿತಿಯನ್ನು ಕೊಳಾಯಿಯ ಹತ್ತಿರ ಹಿಡಿದು ಹೇಳಿದೆ.

“ಮಗೂನ ನಿನ್ನ ಹತ್ರ ಮಲಗಿಸ್ಕೊಳ್ಳೇ. ಅವನ್ನ ಆಸ್ಪತ್ರೆಗೆ ಹೊರಡಿಸು.”

“ಮಾವಂಗೆ ನಾನು ಹೇಗೆ ಹೇಳ್ಲಿ ಅತ್ತೆ?” ಎಂದು ಅವಳು ಅತ್ತಳು. “ರಾತ್ರಿ ಮಗೂನ ಈಚೆ ಎಳ್ಕೋತೀನಿ. ಬೆಳಗ್ಗೆ ಎದ್ದು ನೋಡಿದ್ರೆ ಅವರ ಪಕ್ಕದಲ್ಲೇ ಇರತ್ತೆ. ಯಾಕಮ್ಮ ಎಳ್ಕೊಂಡೆ ಅಂತ ಕೇಳಿದ್ರೆ ಏನನ್ಲಿ?”

ಸೊಸೆಗೂ ಬಾಯಿಲ್ಲ. ಕೆಲೆಪಿಯ ಹತ್ತಿರ ಹೋದೆ. ಊರಿನ ಮುಖಂಡ, ತಾಯಿಯ ಕಡೆಯ ವರಸೆಯಲ್ಲಿ ಅಮಿನಿಯಾಸಿಗೆ ತಮ್ಮ; ನಾನು ತಂದೆಯ ಕಡೆಯವಳು, ಅವನ ಜೊತೆ ಮಾತಾಡಲು ನನಗೆ ಕಟ್ಟಿಲ್ಲ. ಅವನು ಗಲ್ಲ ಕೆರೆದುಕೊಂಡು, “ಅಣ್ಣನಿಗೆ ನೋವಾಗದ ಹಾಗೆ ಏನಾದ್ರೂ ಮಾಡೋಣ, ನೀನು ಸುಮ್ನಿರು,” ಅಂದ.

ಅವನು ಮಾಡಿದ್ದೇನೆಂದು ಕೇಳಿ. ಒಂದು ದೊಡ್ಡ ಕರಟವನ್ನು ಮರಳಿನಲ್ಲಿ ಉಜ್ಜಿ, ಎಣ್ಣೆ ಹಚ್ಚಿ ಕನ್ನಡಿಯ ಹಾಗೆ ಹೊಳೆಯಿಸಿದ. ಶನಿವಾರ ಎಲ್ಲರೂ ಯಂಗೋನಕ್ಕೆ ಕೂತಾಗ ಅದನ್ನು ಅಮಿನಿಯಾಸಿಯ ಮುಂದಿಟ್ಟು, “ಇನ್ಮೇಲೆ ಇದು ನಿಮ್ಮದು,” ಅಂದ. ನಮ್ಮಲ್ಲಿ ತನ್ನದೇ ಕರಟದಲ್ಲಿ ಕುಡಿಯುವವನು ಕುಲದ ಒಡೆಯ ಒಬ್ಬನೇ. ಅಮಿನಿಯಾಸಿ ಕರಟವನ್ನು ತಿರುಗಿಸಿ ತಿರುಗಿಸಿ ನೋಡಿದ. ಇಷ್ಟು ವರ್ಷ ದೇವರ ಸೇವೆ ಮಾಡಿದ್ದಕ್ಕೆ ಊರು ಕೊಟ್ಟ ಗೌರವ ಎಂದುಕೊಂಡ. ಕಣ್ಣಲ್ಲಿ ನೀರು ತಂದುಕೊಂಡು ಸಣ್ಣ ಭಾಷಣವನ್ನೂ ಮಾಡಿದ, ನಡುನಡುವೆ ಕೆಮ್ಮುತ್ತ. ಎಲ್ಲರೂ ಚಪ್ಪಾಳೆ ತಟ್ಟಿದರು. ಕೆಲೆಪಿ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ, ಹೇಗಿದೆ ನನ್ನ ಉಪಾಯ ಅನ್ನುವ ಹಾಗೆ.

ನನಗೆ ಅವನ ಕಣ್ಣು ಕೀಳಬೇಕೆನಿಸಿತು. ಈ ರೋಗ ಕರಟದಲ್ಲಿ ಹತ್ತುವುದಿಲ್ಲ, ಗಾಳಿಯಲ್ಲಿ ಹತ್ತುತ್ತದೆ. ಅದನ್ನು ಎಷ್ಟು ಸಲ ಹೇಳಿದ್ದೆ. ಊರಿನವರು ತಮ್ಮ ತುಟಿ ಕಾಪಾಡಿಕೊಂಡು ಪಕ್ಕದಲ್ಲೇ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಅಮಿನಿಯಾಸಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮನೆಯಲ್ಲೂ ಆ ಕರಟದಲ್ಲೇ ನಿಂಬೆ ಎಲೆಯ ಚಹಾ ಕುಡಿದ. ಇಷ್ಟು ಗೌರವ ಸಿಕ್ಕವನು ಆಸ್ಪತ್ರೆಗೆ ಯಾಕೆ ಹೋಗುತ್ತಾನೆ?

ಇನ್ನು ಉಳಿದವನು ಒಬ್ಬನೇ. ಅಮಿನಿಯಾಸಿಯ ಮುಖದ ಮೇಲೆ ಏನು ಬೇಕಾದರೂ ಅನ್ನುವ ಹಕ್ಕಿದ್ದವನು ಭಾವ.

ನಾನು ಹೋದಾಗ ಕಿತಿಯೋನೆ ದೋಣಿಯನ್ನು ದಡಕ್ಕೆ ಎಳೆದು ಮಗುಚಿ ಹಾಕಿ ತಳದ ಪಾಚಿ ಕೆರೆಯುತ್ತಿದ್ದ. ನನಗೂ ಅವನು ಭಾವ, ಅವನ ಹತ್ತಿರ ನನಗೆ ಬಾಯಿದೆ.

“ಬಾವ, ಅಮಿನಿಯಾಸಿ ಕೆಮ್ತಾ ಇದಾನೆ.”

“ದೊಡ್ಡೋರು ಕೆಮ್ಮಿದ್ರೆ ಅದು ಪ್ರವಚನ ನಾದ್ನಿ. ಕೈಕಟ್ಕೊಂಡು ಕೇಳು.”

“ಲೊಸಾನಾ ಕೆಮ್ಮಿದ ಹಾಗೇ ಕೆಮ್ತಾ ಇದಾನೆ.”

ಅವನ ಕೈ ಒಂದು ಗಳಿಗೆ ನಿಂತಿತು. ಮತ್ತೆ ಕೆರೆಯತೊಡಗಿದ. “ಹೌದಾ? ಹಾಗಾದ್ರೆ ಕಿಟಕಿ ಮುಚ್ಚಿ ಹಾಡೋಕೆ ಹೇಳು. ನಾನೂ ಬಂದು ಒಂದು ಪದ ಹಾಡ್ತೀನಿ.”

“ನೀನೊಬ್ನೇ ಅವನಿಗೆ ಹೇಳ್ಬಹುದು.”

“ಹೇಳ್ಬಹುದು. ಹೇಳಲ್ಲ. ಸಾಯ್ಲಿ. ನಿಧಾನಕ್ಕೆ ಸಾಯ್ಲಿ, ನನಗೇನೂ ಅವಸರ ಇಲ್ಲ.”

“ಅವನ ತೊಡೆ ಮೇಲೆ ಕೂಸಿದೆ.”

“ಕೂಸಿಗೆ ಅಮ್ಮ ಇದಾಳೆ. ಊರಿದೆ. ಮುಖಂಡ ಇದಾನೆ. ಕರಟ ಇದೆ. ನನ್ನ ಹೆಂಡ್ತಿಗೂ ಇಷ್ಟು ಜನ ಇದ್ರು.”

ಅವನ ಕಣ್ಣು ಕೆಂಪಾಗಿತ್ತು. ಕನಿಕರಪಡುವ ಹೊತ್ತು ಅದಲ್ಲ. ನನಗೆ ಅವನ ಮೇಲೂ ಅಷ್ಟೇ ಕೋಪ ಬಂತು.

“ಸರಿ. ಊರಲ್ಲಿ ಒಬ್ನಾದ್ರೂ ಮರ್ಯಾದೆ ಇಲ್ಲದೋನು ಇದಾನೆ ಅಂದ್ಕೊಂಡಿದ್ದೆ,” ಅಂದೆ. “ನೀನೂ ಮರ್ಯಾದಸ್ಥನೇ. ಪಾದ್ರಿಗೆ ಬಯ್ತೀಯ, ತರಕಾರಿ ಮಾರೋ ಮುದುಕಿಗೆ ಬಯ್ತೀಯ. ಬಯ್ಲೇಬೇಕಾದೋನ ಮುಂದೆ ಬಂದ್ರೆ ತಾವು, ದಯಮಾಡಿ. ನಿನಗೂ ಅಮಿನಿಯಾಸಿಗೂ ಏನ್ ವ್ಯತ್ಯಾಸ? ಅವನು ಹಾಡು ಹೇಳಿ ಕೊಂದ, ನೀನು ತಾವು ಅಂತ ಹೇಳಿ ಕೊಲ್ತೀಯ.”

ಕೆರೆಯುವ ತಗಡನ್ನು ಅವನು ನನ್ನ ಕಾಲಬುಡಕ್ಕೆ ಎಸೆದ. “ಹೋಗು ಇಲ್ಲಿಂದ,” ಅಂದ. ನಾನೂ ಒಂದು ಕೆಟ್ಟ ಮಾತು ಅಂದು ಹೋದೆ. ಆ ಮಾತನ್ನು ಇಲ್ಲಿ ಬರೆಯುವುದಿಲ್ಲ.

ಆ ವಾರ ಚರ್ಚಿನ ಚಾವಣಿಗೆ ಹೊಸ ತಗಡು ಹೊದಿಸಿದರು. ಗಂಡಸರೆಲ್ಲ ಸೇರಿ ಕೆಲಸ ಮುಗಿಸಿ ಮಧ್ಯಾಹ್ನವೇ ಕೆಲೆಪಿಯ ಮನೆಯಲ್ಲಿ ಯಂಗೋನಕ್ಕೆ ಕೂತರು. ಮರಗೆಣಸು, ತೆಂಗಿನ ಹಾಲಿನ ಮೀನು ಬಡಿಸಿ ಮುಗಿಸಿ ನಾವು ಹೆಂಗಸರು ಬಾಗಿಲ ಕಡೆ ಕೂತಿದ್ದೆವು. ಅಮಿನಿಯಾಸಿ ಮೇಲಿನ ತುದಿಯಲ್ಲಿ, ಹೊಳೆಯುವ ಕರಟ ಮುಂದೆ, ಚಿಕ್ಕ ಅಮಿ ತೊಡೆಯ ಮೇಲೆ. ಕಿತಿಯೋನೆ ತಗಡು ಸಾಗಿಸಿದ್ದರಿಂದ ಅವನನ್ನೂ ಕರೆದಿದ್ದರು. ಅವನು ಕೆಳಗಿನ ತುದಿಯಲ್ಲಿ ಗೋಡೆಗೆ ಒರಗಿದ್ದ.

ಅಮಿನಿಯಾಸಿಗೆ ಕೆಮ್ಮು ಹತ್ತಿತು. ಬಿಡಲಿಲ್ಲ. ಕೂಸನ್ನು ಎದೆಗೆ ಒತ್ತಿಕೊಂಡೇ ಕೆಮ್ಮಿದ, ಕೂಸು ಅಳತೊಡಗಿತು. ವಾಸಿತಿ ಎರಡೂ ಕೈ ಮುಂದೆ ಚಾಚಿ, ಯಾರಾದರೂ ನೋಡಿಯಾರೆಂದು ಮತ್ತೆ ಮಡಿಲಿಗೆ ಎಳೆದುಕೊಂಡಳು. ಉಳಿದವರೆಲ್ಲ ಚಾಪೆ ನೋಡಿದರು. ಒಬ್ಬ ಮುದುಕ ಚಾಪೆಯ ಒಂದು ಎಳೆಯನ್ನು ಬೆರಳಿನಿಂದ ಸವರುತ್ತ ಹೆಣಿಗೆ ಚೆನ್ನಾಗಿದೆ ಎಂದು ತಲೆಯಾಡಿಸಿದ.

ಕಿತಿಯೋನೆ ಎದ್ದ. ಬೆನ್ನು ಬಗ್ಗಿಸಲಿಲ್ಲ, ತುಲೌ ಅನ್ನಲಿಲ್ಲ. ನೆಟ್ಟಗೆ ನಡೆದು ಕೂತವರ ನಡುವೆ ಹಾದು ಮೇಲಿನ ತುದಿಗೆ ಹೋಗಿ ನಿಂತ.

“ಲೇ ಅಮಿನಿಯಾಸಿ.”

ಅಮಿನಿಯಾಸಿ ತಲೆ ಎತ್ತಿ, “ತಾವು ಜಾಸ್ತಿ ಕುಡಿದ ಹಾಗಿದೆ ಕಿತಿಯೋನೆಯವರೇ,” ಅಂದ.

“ತಾವು ಗೀವು ಇವತ್ತು ಬೇಡ. ಈ ಕರಟ ನಿನಗೆ ಯಾಕೆ ಕೊಟ್ರು ಹೇಳು.”

“ಅದು ಊರು ಕೊಟ್ಟ ಗೌರವ.”

“ಗೌರವ,” ಎಂದು ಕಿತಿಯೋನೆ ಬಗ್ಗಿ ಕರಟ ಎತ್ತಿಕೊಂಡ. ಬೋಗುಣಿಯಲ್ಲಿ ಅದ್ದಿ ತುಂಬಿಸಿದ. ಅಂಚಿನಿಂದ ಸುರಿಯುತ್ತಿದ್ದ ಹಾಗೇ ತಂದು ಕೆಲೆಪಿಯ ಮೂಗಿನ ಕೆಳಗೆ ಹಿಡಿದ. “ಕುಡಿ ಕೆಲೆಪಿ. ನಿಮ್ಮಣ್ಣನ ಗೌರವ. ಒಂದು ಗುಟುಕು.”

ಕೆಲೆಪಿ ಕೈ ಚಾಚಿದ. ಕೈ ಅರ್ಧಕ್ಕೆ ನಿಂತಿತು. “ನಂದು ಆಗ್ಲೇ ಆಯ್ತು,” ಅಂದ.

ಕಿತಿಯೋನೆ ಕರಟವನ್ನು ಪಕ್ಕದವನಿಗೆ ಹಿಡಿದ. ಅವನು ಚಾಪೆ ನೋಡಿದ. ಅವನ ಪಕ್ಕದವನು ಹೊಟ್ಟೆ ಮುಟ್ಟಿಕೊಂಡು ತಲೆ ಅಲ್ಲಾಡಿಸಿದ. ಕಿತಿಯೋನೆ ಒಬ್ಬೊಬ್ಬರ ಮುಂದೂ ಹಿಡಿಯುತ್ತ ಇಡೀ ಸುತ್ತು ಬಂದ. ಅಮಿನಿಯಾಸಿಯ ಕಣ್ಣು ಕರಟದ ಜೊತೆಯಲ್ಲೇ ಸುತ್ತು ಬಂತು. ಒಬ್ಬೊಬ್ಬರ ಕೈ ಹಿಂದೆ ಸರಿದಾಗಲೂ ಅವನ ಬಾಯಿ ಸ್ವಲ್ಪ ಸ್ವಲ್ಪವೇ ತೆರೆದುಕೊಂಡಿತು.

“ನೋಡ್ದಾ ಬಾವ? ಇದು ನಿನ್ನ ಎಂಜಲಿಗೆ ಹೇಸಿ ಕೊಟ್ಟ ಕರಟ. ನಾಯಿಗೆ ಬೇರೆ ತಟ್ಟೆ ಇಡ್ತಾರಲ್ಲ, ಹಾಗೆ. ಇವರೆಲ್ಲ ಮರ್ಯಾದಸ್ಥರು, ಎಣ್ಣೆ ಹಚ್ಚಿ ಕೊಟ್ರು. ನೀನು ಭಾಷಣ ಬೇರೆ ಮಾಡ್ದೆ.”

ಆಗ ನಾನು ಮಾತಾಡಿದೆ. ಅಣ್ಣನ ಮುಖ ನೋಡುವಂತಿಲ್ಲವಲ್ಲ, ಮನೆಯ ನಡುಗಂಬಕ್ಕೆ ಮುಖ ಮಾಡಿ ಗಟ್ಟಿಯಾಗಿ ಹೇಳಿದೆ. “ಕೇಳು ಕಂಬ. ಇದು ಕರಟದಿಂದ ಹತ್ತಲ್ಲ. ಕೆಮ್ಮಿದ ಗಾಳಿಯಿಂದ ಹತ್ತುತ್ತೆ. ಮಾತ್ರೆ ತಗೊಂಡ್ರೆ ವಾಸಿ ಆಗತ್ತೆ. ತಗೊಳ್ದೆ ಹೋದ್ರೆ ತೊಡೆ ಮೇಲಿರೋರಿಗೆ ಮೊದಲು ಹತ್ತುತ್ತೆ.”

“ಕಂಬಕ್ಕೂ ಅರ್ಥ ಆಯ್ತು,” ಅಂದ ಕಿತಿಯೋನೆ. ಕರಟ ಇನ್ನೂ ಅವನ ಕೈಯಲ್ಲೇ ಇತ್ತು. ಅದನ್ನು ತುಟಿಗಿಟ್ಟು, ಗಟಗಟನೆ ಕೊನೆಯ ಹನಿಯವರೆಗೂ ಕುಡಿದ. ಖಾಲಿ ಕರಟವನ್ನು ಅಮಿನಿಯಾಸಿಯ ಮುಂದೆ ಚಾಪೆಯ ಮೇಲೆ ಬೋರಲು ಹಾಕಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ.

“ನಿನ್ನ ಎಂಜಲಿಗೆ ನಾನು ಹೆದರಲ್ಲ ಕಣೋ. ನಿನ್ನ ಉಸಿರಿಗೆ ಹೆದರ್ತೀನಿ. ಒಂದು ಸಲ ನನ್ನ ಮನೆ ಕಿಟಕಿ ಮುಚ್ಚಿಸಿದ್ದು ನೀನೇ ಅಲ್ವಾ? ಈ ವು ಹೀಗೇ ಬಿಟ್ರೆ ನಿನ್ನ ವೂ ಹತ್ರ ಕಳಿಸತ್ತೆ. ನೀನು ಹೋಗು, ಖುಷಿಯಾಗಿ ಹೋಗು, ನಾನೇ ದೋಣೀಲಿ ಬಿಟ್ಟು ಬರ್ತೀನಿ. ಹೆಸರಿಟ್ಕೊಂಡ ತಪ್ಪಿಗೆ ಅದನ್ನ ಯಾಕೋ ಎಳ್ಕೊಂಡು ಹೋಗ್ತೀಯ, ಮುದಿ ಕೋತಿ? ಇಡು ಮಗೂನ ಕೆಳಗೆ.”

ಅಮಿನಿಯಾಸಿ ಸುತ್ತ ಕೂತವರನ್ನು ನೋಡಿದ. ಒಬ್ಬನೂ ತಲೆ ಎತ್ತಲಿಲ್ಲ. ಕೂಸನ್ನು ಎರಡೂ ಕೈಯಲ್ಲಿ ಎತ್ತಿ, ಮೈಯಿಂದ ದೂರ ಹಿಡಿದು, ಮುಖ ಆಚೆ ತಿರುಗಿಸಿಕೊಂಡ. ವಾಸಿತಿ ಹಾರಿ ಬಂದು ತೆಗೆದುಕೊಂಡಳು. ಅವಳೂ ತುಲೌ ಅನ್ನಲು ಮರೆತಳು.

“ಇದನ್ನ ಮೊದಲೇ ಬೊಗಳೋಕೆ ಏನಾಗಿತ್ತೋ ನಿನಗೆ, ಬಾವ,” ಅಂದ ಅಮಿನಿಯಾಸಿ. ಅಷ್ಟು ವರ್ಷಗಳ ಮೇಲೆ ಅವನ ಬಾಯಲ್ಲಿ ನೀನು ಬಂತು.

“ಹಿಂದೆ ಕೂರ್ಬೇಕು ದೋಣೀಲಿ. ನನ್ನ ಗಾಳಿಗೆ ಅಡ್ಡ ಬರ್ಬೇಡ,” ಅಂದ ಕಿತಿಯೋನೆ.

ಆವತ್ತೇ ಹೊರಟರು. ನಾನೂ ಜೊತೆಗಿದ್ದೆ. ಕೊಲ್ಲಿ ದಾಟುವವರೆಗೂ ಕಿತಿಯೋನೆಯ ಬಾಯಿ ನಿಲ್ಲಲಿಲ್ಲ. ಕೆಮ್ಮಿದರೆ ಬಯ್ದ, ಕೆಮ್ಮದಿದ್ದರೆ ಸತ್ತೆಯಾ ಎಂದು ಬಯ್ದ, ಮೂಗಿಗೆ ಬಯ್ದ, ಪ್ರವಚನಕ್ಕೆ ಬಯ್ದ. ಅಮಿನಿಯಾಸಿ ಎಂಜಿನ್ನಿನ ಪಕ್ಕ ಮೊಣಕೈಯೊಳಗೆ ಮುಖ ಹುದುಗಿಸಿ ಕೂತು ಮೈ ಕುಲುಕಿಸುತ್ತಿದ್ದ. ಅದು ಕೆಮ್ಮೋ ಅಳುವೋ ನಗುವೋ ನನಗೆ ತಿಳಿಯಲಿಲ್ಲ, ನಾನು ಕೇಳುವಂತೆಯೂ ಇರಲಿಲ್ಲ. ಆಸ್ಪತ್ರೆಯಲ್ಲಿ ಕಫ ನೋಡಿ ಕ್ಷಯ ಎಂದರು. ಮಾತ್ರೆ ಶುರುವಾಯಿತು. ಚಿಕ್ಕ ಅಮಿಯನ್ನೂ ಕರೆತಂದು ಪರೀಕ್ಷೆ ಮಾಡಿದರು. ಅದಕ್ಕೆ ರೋಗ ಹತ್ತಿರಲಿಲ್ಲ. ಹತ್ತದಿರಲೆಂದು ಅದಕ್ಕೂ ಮಾತ್ರೆ ಕೊಟ್ಟರು, ವಾಸಿತಿ ಅರೆದು ಕುಡಿಸಿದಳು.

ಊರಿಗೆ ನಾಚಿಕೆಯಾಯಿತೆಂದು ತಿಳಿಯಬೇಡಿ. ಊರು ಕಿತಿಯೋನೆಯನ್ನು ಬಯ್ಯಿತು. ಎದ್ದು ನಿಂತು ಮಾತಾಡಿದನಂತೆ, ಕೂತವರ ನಡುವೆ ನೆಟ್ಟಗೆ ನಡೆದನಂತೆ. ಕೆಲೆಪಿ ಈಗಲೂ ತನ್ನ ಉಪಾಯದಿಂದಲೇ ಊರು ಉಳಿಯಿತು ಎನ್ನುತ್ತಾನೆ.

ಮಾತ್ರೆ ಎಲ್ಲ ಮುಗಿದು, ವಾಸಿಯಾಗಿದೆ ಎಂದು ಆಸ್ಪತ್ರೆಯವರು ಹೇಳಿದ ಮೇಲೆ ಅಮಿನಿಯಾಸಿ ಕಿತಿಯೋನೆಯ ಮನೆಗೆ ಬಂದ. ತಪ್ಪು ಒಪ್ಪಿಕೊಳ್ಳುವವರು ತರುವ ಹಾಗೆ ಯಂಗೋನದ ಬೇರಿನ ಕಟ್ಟು ತಂದಿದ್ದ. ನಾನು ಆಗ ಅಲ್ಲೇ ಕಿತಿಯೋನೆಯ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟುತ್ತಿದ್ದೆ. ಅಮಿನಿಯಾಸಿ ಬೇರನ್ನು ಚಾಪೆಯ ಮೇಲಿಟ್ಟು, ಲೊಸಾನಾಳ ಹೆಸರು ಹೇಳಿ, ತಲೆ ಬಗ್ಗಿಸಿ ಕೂತ. ಅವನ ಮೈ ತುಂಬಿಕೊಂಡಿತ್ತು. ಕೊರಳ ಮೂಳೆ ಕಾಣುತ್ತಿರಲಿಲ್ಲ.

ಕಿತಿಯೋನೆ ಕಟ್ಟನ್ನು ಮುಟ್ಟಲಿಲ್ಲ. “ತಾವು ಇಷ್ಟು ದೂರ ಬಂದ್ರಿ,” ಅಂದ. “ಚಹಾ ತಗೋತೀರಾ?”

ಅಮಿನಿಯಾಸಿ ಪೆಟ್ಟು ತಿಂದವನ ಹಾಗೆ ನೋಡಿದ. “ಬಯ್ಯೋ ಬಾವ,” ಅಂದ. “ಕೈಮುಗೀತೀನಿ, ಬಯ್ಯಿ.”

“ಬಯ್ಯೋಣ ಅಂದ್ರೆ ತಮಗೆ ಈಗ ಕೆಮ್ಮಿಲ್ಲವಲ್ಲ.”

ಅಮಿನಿಯಾಸಿ ಎದ್ದು, ಬೆನ್ನು ಬಗ್ಗಿಸಿ, ತುಲೌ ತುಲೌ ಎನ್ನುತ್ತ ಬಾಗಿಲವರೆಗೆ ಹೋದ. ಹೊಸಿಲಲ್ಲಿ ನಿಂತ. ನಮ್ಮ ಕಡೆ ತಿರುಗಿ, ಬಾಯಿಗೆ ಕೈ ಅಡ್ಡ ಹಿಡಿಯದೆ, ಮೊಣಕೈ ಮಡಚದೆ, ಒಂದು ಸಲ ಕೆಮ್ಮಿದ. ಅದು ರೋಗದ ಕೆಮ್ಮಲ್ಲ, ರೋಗದ ಕೆಮ್ಮು ನನಗೆ ಚೆನ್ನಾಗಿ ಗೊತ್ತು. ಕೆಮ್ಮಿ, ಕಾದು ನಿಂತ. ಇನ್ನೊಂದು ಸಲ ಕೆಮ್ಮಿದ.

ನಾನು ತಂಗಿ, ನನಗೆ ಬಾಯಿಲ್ಲ. ಕಟ್ಟುತ್ತಿದ್ದ ಪಟ್ಟಿಯನ್ನು ಬಿಗಿಯಾಗಿ ಎಳೆದೆ, ಕಿತಿಯೋನೆಗೆ ನೋಯಲಿ ಎಂದೇ ಎಳೆದೆ.

ಕಿತಿಯೋನೆ ತಲೆ ತಗ್ಗಿಸಿ ಚಾಪೆಯನ್ನು ನೋಡುತ್ತ ಕೂತಿದ್ದ.